ಹಳೆಯ ಒಡಲಿಗೆ ಹೊಸ ತಲೆ: ಲಾರಿ ಎಂಜಿನಿನ ಚರಿತ್ರೆಯ ಒಂದು ಅಧ್ಯಾಯ

ಲಾರಿ ಅಥವಾ ಜೀಪು ಇಟ್ಟುಕೊಂಡವರೆಲ್ಲ ಮೆಕ್ಯಾನಿಕ್‌ನ ಬಾಯಿಂದ ‘ಹೆಡ್ ಬಿಚ್ಚಬೇಕು ಸಾರ್’ ಎಂಬ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಎಂಜಿನಿನಲ್ಲಿ ಎರಡು ಮುಖ್ಯ ಎರಕದ ಭಾಗಗಳಿವೆ. ಕೆಳಗಿನದು ಬ್ಲಾಕ್. ಸಿಲಿಂಡರುಗಳು, ಅವುಗಳಲ್ಲಿ ಮೇಲೆ ಕೆಳಗೆ ಚಲಿಸುವ ಪಿಸ್ಟನ್‌ಗಳು, ಆ ಚಲನೆಯನ್ನು ತಿರುಗುವ ಚಲನೆಯಾಗಿ ಮಾರ್ಪಡಿಸುವ ಕ್ರ್ಯಾಂಕ್‌ಶಾಫ್ಟ್ ಎಲ್ಲವೂ ಅದರಲ್ಲಿವೆ. ಅದರ ಮೇಲೆ ಬೋಲ್ಟುಗಳಿಂದ ಬಿಗಿದು ಕೂರಿಸಿದ ಭಾಗವೇ ಸಿಲಿಂಡರ್ ಹೆಡ್. ಇವೆರಡರ ನಡುವೆ ಅನಿಲವಾಗಲಿ ನೀರಾಗಲಿ ಸೋರದಂತೆ ತಡೆಯಲು ಒಂದು ತೆಳುವಾದ ಗ್ಯಾಸ್ಕೆಟ್ ಇರುತ್ತದೆ.

ಬ್ಲಾಕ್ ಭಾರವಾದದ್ದು. ಅದನ್ನು ಎರಕ ಹೊಯ್ಯಲು, ಕೊರೆಯಲು, ನಯಗೊಳಿಸಲು ಕಾರ್ಖಾನೆ ಹೂಡಬೇಕಾದ ಬಂಡವಾಳ ದೊಡ್ಡದು. ಹೆಡ್ ಹಾಗಲ್ಲ, ಅದನ್ನು ಬಿಚ್ಚಿ ಬದಲಾಯಿಸಬಹುದು. ಆದ್ದರಿಂದ ಎಂಜಿನ್ ಹಳತಾಗಿ ಶಕ್ತಿ ಸಾಲದೆ ಹೋದಾಗ ಬ್ಲಾಕನ್ನು ಉಳಿಸಿಕೊಂಡು ಹೊಸ ಬಗೆಯ ಹೆಡ್ ಕೂರಿಸಿದರೇನು ಎಂಬ ಆಲೋಚನೆ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಮತ್ತೆ ಹುಟ್ಟಿತು. ಈ ಆಲೋಚನೆಯ ಚರಿತ್ರೆ ಕೇವಲ ಗ್ಯಾರೇಜಿನ ಚರಿತ್ರೆಯಲ್ಲ. ಅದರಲ್ಲಿ ಉಷ್ಣಗತಿವಿಜ್ಞಾನವಿದೆ, ಅರ್ಥಶಾಸ್ತ್ರವಿದೆ. ನಾವು ಉಸಿರಾಡುವ ಗಾಳಿಗೆ ಸುಮಾರು ನೂರು ವರ್ಷ ಸೀಸ ಬೆರೆತ ಕಥೆಯೂ ಇದೆ.

ಮುಚ್ಚಳದಂತಿದ್ದ ಹೆಡ್

ಹೆನ್ರಿ ಫೋರ್ಡ್‌ನ ಕಂಪನಿ 1908ರಲ್ಲಿ ಮಾಡೆಲ್ ಟಿ ಕಾರನ್ನು ಮಾರುಕಟ್ಟೆಗೆ ತಂದಿತು. ಅದೇ ಎಂಜಿನನ್ನು ಬಳಸಿದ ಒಂದು ಟನ್ ಟ್ರಕ್ಕು, ಮಾಡೆಲ್ ಟಿಟಿ, 1917ರಲ್ಲಿ ಬಂದಿತು. ಆ ಕಾಲದ ಅನೇಕ ಎಂಜಿನುಗಳಲ್ಲಿ ಸಿಲಿಂಡರ್ ಮತ್ತು ಅದರ ತಲೆ ಒಂದೇ ಎರಕವಾಗಿರುತ್ತಿದ್ದವು. ಮಾಡೆಲ್ ಟಿ ಎಂಜಿನಿನಲ್ಲಾದರೋ ನಾಲ್ಕೂ ಸಿಲಿಂಡರುಗಳು ಒಂದೇ ಬ್ಲಾಕಿನಲ್ಲಿದ್ದು ಹೆಡ್ಡನ್ನು ಪ್ರತ್ಯೇಕವಾಗಿ ಬಿಚ್ಚಬಹುದಿತ್ತು. 2.9 ಲೀಟರ್ ಗಾತ್ರದ ಆ ಎಂಜಿನಿನ ಸಾಮರ್ಥ್ಯ ಕೇವಲ 20 ಅಶ್ವಶಕ್ತಿ.

ಇಷ್ಟು ದೊಡ್ಡ ಎಂಜಿನಿನಿಂದ ಇಷ್ಟು ಕಡಿಮೆ ಶಕ್ತಿ ಏಕೆ? ಇಂಧನ ಮಿಶ್ರಣ ಒಳಬರಲು ಒಂದು, ಹೊಗೆ ಹೊರಹೋಗಲು ಇನ್ನೊಂದು, ಹೀಗೆ ಪ್ರತಿ ಸಿಲಿಂಡರಿಗೂ ಎರಡು ಕವಾಟ ಬೇಕು. ಮಾಡೆಲ್ ಟಿ ಎಂಜಿನಿನಲ್ಲಿ ಈ ವಾಲ್ವುಗಳು ಹೆಡ್ಡಿನಲ್ಲಿರಲಿಲ್ಲ. ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕದಲ್ಲಿ ತಲೆ ಮೇಲಾಗಿ ನಿಂತಿದ್ದವು. ಇದಕ್ಕೆ ಸೈಡ್ ವಾಲ್ವ್ ಎಂಜಿನ್ ಎಂದು ಹೆಸರು. ಇಲ್ಲಿ ಹೆಡ್ ಎಂಬುದು ಪಾತ್ರೆಯ ಮೇಲಿನ ಮುಚ್ಚಳವಿದ್ದಂತೆ. ಅಗ್ಗ, ಸರಳ; ಒಳಗೆ ಕಟ್ಟಿದ ಮಸಿಯನ್ನು ಕೆರೆಯಬೇಕೆಂದರೆ ಮುಚ್ಚಳ ತೆಗೆದರೆ ಸಾಕು. ಆದರೆ ದಹನ ನಡೆಯುವ ಜಾಗ ಪಿಸ್ಟನ್ನಿನ ಮೇಲೂ ಪಕ್ಕದ ವಾಲ್ವುಗಳ ಮೇಲೂ ಚಪ್ಪಟೆಯಾಗಿ ಹರಡಿರುತ್ತದೆ. ಒಳಬರುವ ಮಿಶ್ರಣವೂ ಮೇಲಕ್ಕೇರಿ, ಪಕ್ಕಕ್ಕೆ ತಿರುಗಿ, ಮತ್ತೆ ಕೆಳಕ್ಕಿಳಿದು ಸಿಲಿಂಡರನ್ನು ಸೇರಬೇಕು.

ವಾಲ್ವುಗಳನ್ನು ಹೆಡ್ಡಿನಲ್ಲಿಯೇ ತಲೆಕೆಳಗಾಗಿ ತೂಗುಹಾಕಿದರೆ ಈ ತೊಡಕು ಇರುವುದಿಲ್ಲ. ಇದೇ ಓವರ್‌ಹೆಡ್ ವಾಲ್ವ್ ವಿನ್ಯಾಸ. ಷೆವ್ರೊಲೆ ಸಹೋದರರು ‘ಫ್ರಂಟೆನಾಕ್’ ಎಂಬ ಹೆಸರಿನಲ್ಲಿ ಮಾಡೆಲ್ ಟಿ ಬ್ಲಾಕಿಗೆ ಹೊಂದುವ ಇಂಥ ಹೆಡ್ಡುಗಳನ್ನು ತಯಾರಿಸಿದರು. 1923ರ ಇಂಡಿಯಾನಪೊಲಿಸ್ 500 ಮೈಲಿ ಪಂದ್ಯದಲ್ಲಿ ಇಂಥ ಹೆಡ್ ಹೊತ್ತ ಫೋರ್ಡ್ ಎಂಜಿನಿನ ಕಾರು ಐದನೆಯ ಸ್ಥಾನ ಗಳಿಸಿತು. ಬ್ಲಾಕ್ ಬಡವರ ಕಾರಿನದು, ಎದುರಾಳಿಗಳು ಪಂದ್ಯಕ್ಕೆಂದೇ ಕಟ್ಟಿದ ದುಬಾರಿ ಕಾರುಗಳು! ಹೆಡ್ ಬದಲಾದರೆ ಎಂಜಿನ್ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಇದೊಂದು ಬಹಿರಂಗ ಪ್ರಯೋಗವಾಯಿತು.

ಬಡಿತದ ಸಮಸ್ಯೆ

ಪೆಟ್ರೋಲ್ ಎಂಜಿನಿನ ಆದರ್ಶ ಉಷ್ಣ ದಕ್ಷತೆ ಒಂದೇ ಒಂದು ಸಂಖ್ಯೆಯನ್ನು ಅವಲಂಬಿಸಿದೆ. ಅದು ಸಂಪೀಡನ ಅನುಪಾತ, ಎಂದರೆ ಪಿಸ್ಟನ್ ಕೆಳತುದಿಯಲ್ಲಿದ್ದಾಗ ಅನಿಲಕ್ಕಿರುವ ಜಾಗ ಪಿಸ್ಟನ್ ಮೇಲ್ತುದಿಗೆ ಬಂದಾಗಿನ ಜಾಗದ ಎಷ್ಟು ಪಟ್ಟು ಎಂಬ ಸಂಖ್ಯೆ. ಗಾಳಿಯನ್ನು ಆದರ್ಶ ಅನಿಲವೆಂದು ಭಾವಿಸಿ ಲೆಕ್ಕ ಹಾಕಿದರೆ ಅನುಪಾತ 4 ಇದ್ದಾಗ ದಕ್ಷತೆ ಶೇಕಡ 43, ಅನುಪಾತ 6 ಆದಾಗ ಶೇಕಡ 51, ಅನುಪಾತ 8 ಆದಾಗ ಶೇಕಡ 56. ನಿಜವಾದ ಎಂಜಿನಿನಲ್ಲಿ ಸಿಗುವುದು ಇದರ ಅರ್ಧದಷ್ಟೇ ಆದರೂ ಏರುವ ಕ್ರಮ ಹೀಗೆಯೇ. ಹಾಗಾದರೆ ಅನುಪಾತವನ್ನು ಏರಿಸುತ್ತಾ ಹೋಗಲು ಅಡ್ಡಿಯೇನು?

ಅಡ್ಡಿ ಎಂದರೆ ‘ನಾಕಿಂಗ್’. ಸ್ಪಾರ್ಕ್ ಪ್ಲಗ್ಗಿನ ಬಳಿ ಹೊತ್ತಿದ ಜ್ವಾಲೆ ದಹನ ಕೋಷ್ಠದುದ್ದಕ್ಕೂ ಸಾಗಬೇಕು. ಸಾಗುತ್ತಿರುವಾಗ ಅದರ ಮುಂದಿರುವ, ಇನ್ನೂ ಉರಿಯದ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಜ್ವಾಲೆ ತಲಪುವುದಕ್ಕೆ ಮೊದಲೇ ಅದು ತಾನಾಗಿ ಒಮ್ಮೆಲೇ ಸ್ಫೋಟಿಸಿದರೆ ಸುತ್ತಿಗೆಯಿಂದ ಹೊಡೆದಂತೆ ಸದ್ದು ಕೇಳುತ್ತದೆ. ಪಿಸ್ಟನ್ ತೂತಾಗಬಹುದು, ಗ್ಯಾಸ್ಕೆಟ್ ಹರಿಯಬಹುದು. ಬಡಿತದ ಈ ಕಾರಣವನ್ನು ಸ್ಪಷ್ಟವಾಗಿ ಪ್ರತಿಪಾದಿಸಿದವರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯಾರಿ ರಿಕಾರ್ಡೊ (1885-1974) ಪ್ರಮುಖ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಟ್ಯಾಂಕುಗಳಿಗೆ 150 ಅಶ್ವಶಕ್ತಿಯ ಎಂಜಿನನ್ನು ರೂಪಿಸಿದವನೂ ಈತನೇ.

1919ರಲ್ಲಿ ರಿಕಾರ್ಡೊ ಪೇಟೆಂಟ್ ಪಡೆದ ಉಪಾಯ ಸರಳವಾಗಿತ್ತು. ಸೈಡ್ ವಾಲ್ವ್ ಎಂಜಿನಿನ ಬ್ಲಾಕನ್ನು ಮುಟ್ಟುವುದೇ ಬೇಡ, ಮುಚ್ಚಳದ ಒಳಮೈಯನ್ನು ಬದಲಾಯಿಸೋಣ. ಕೋಷ್ಠದ ಬಹುಭಾಗವನ್ನು ವಾಲ್ವುಗಳ ಮೇಲೆ ಒಟ್ಟುಗೂಡಿಸಿ, ಪಿಸ್ಟನ್ನಿನ ಉಳಿದ ಭಾಗದ ಮೇಲೆ ಹೆಡ್ಡು ಹೆಚ್ಚುಕಡಿಮೆ ತಾಗುವಷ್ಟು ತಗ್ಗಿರುವಂತೆ ಮಾಡಿದ. ಇದರಿಂದ ಎರಡು ಪ್ರಯೋಜನಗಳಾದವು. ಪಿಸ್ಟನ್ ಮೇಲೇರಿದಾಗ ಆ ಇಕ್ಕಟ್ಟಿನಿಂದ ಮಿಶ್ರಣ ರಭಸದಿಂದ ಚಿಮ್ಮಿ ಕೋಷ್ಠದಲ್ಲಿ ಸುಳಿ ಎಬ್ಬಿಸುತ್ತದೆ, ಸುಳಿಯಲ್ಲಿ ಜ್ವಾಲೆ ಬೇಗ ಹರಡುತ್ತದೆ. ಇಕ್ಕಟ್ಟಿನಲ್ಲಿ ಉಳಿದ ತೆಳು ಪದರವೋ ಎರಡೂ ಕಡೆಯ ಲೋಹದಿಂದ ತಂಪಾಗಿ ತಾನಾಗಿ ಸ್ಫೋಟಿಸುವುದಿಲ್ಲ. ಅದೇ ಪೆಟ್ರೋಲ್, ಅದೇ ಬ್ಲಾಕ್. ಆದರೂ ಹೆಚ್ಚಿನ ಸಂಪೀಡನ ಸಾಧ್ಯವಾಯಿತು.

ಎರಡು ದಾರಿಗಳು

ಇದೇ ಹೊತ್ತಿನಲ್ಲಿ ಅಟ್ಲಾಂಟಿಕ್ಕಿನ ಆಚೆ ಇನ್ನೊಂದು ದಾರಿ ತೆರೆಯಿತು. ಜನರಲ್ ಮೋಟಾರ್ಸ್‌ನಲ್ಲಿದ್ದ ಥಾಮಸ್ ಮಿಜ್ಲಿ 1921ರಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಪೆಟ್ರೋಲಿಗೆ ಬೆರೆಸಿದರೆ ಬಡಿತ ನಿಲ್ಲುವುದನ್ನು ಕಂಡುಕೊಂಡ. 1923ರಲ್ಲಿ ಇದರ ಮಾರಾಟ ಆರಂಭವಾಯಿತು. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಸೀಸದ ವಿಷವೇರಿ ಐವರು ಕಾರ್ಮಿಕರು ಸತ್ತರು. ಆದರೂ ಮಾರಾಟ ನಿಂತಿದ್ದು ತಾತ್ಕಾಲಿಕವಾಗಿ ಮಾತ್ರ.

ಬಡಿತವನ್ನು ಎಂಜಿನಿನ ಆಕಾರದಿಂದ ತಡೆಯಬಹುದು, ಇಂಧನದ ರಸಾಯನದಿಂದಲೂ ತಡೆಯಬಹುದು. ಒಂದು ಯಂತ್ರಶಿಲ್ಪಿಯ ದಾರಿ, ಇನ್ನೊಂದು ರಸಾಯನಜ್ಞನ ದಾರಿ. ಅತಿ ಹೆಚ್ಚಿನ ಸಂಪೀಡನಕ್ಕೆ ಆ ಕಾಲದಲ್ಲಿ ಎರಡನ್ನೂ ಬಳಸಿದ್ದುಂಟು. ಆದರೆ ರಸ್ತೆಯ ಮೇಲಿದ್ದ ಲಕ್ಷಾಂತರ ವಾಹನಗಳ ಹೆಡ್ಡುಗಳನ್ನು ಬದಲಾಯಿಸುವುದಕ್ಕಿಂತ ಪೆಟ್ರೋಲ್ ಬಂಕಿನಲ್ಲಿ ಒಂದು ಬೆರಕೆ ಹಾಕುವುದು ಬಹಳ ಸುಲಭವಾಗಿತ್ತು. ಸುಲಭದ ದಾರಿಯ ಬೆಲೆಯನ್ನು ಮುಂದಿನ ಪೀಳಿಗೆಗಳು ತೆತ್ತವು.

ಕುದಿಯುವ ನೀರು ಮತ್ತು ಆರ್ಡನ್ ಹೆಡ್

ಫೋರ್ಡ್ ಕಂಪನಿ 1932ರಲ್ಲಿ ಅಗ್ಗದ ಕಾರು ಮತ್ತು ಟ್ರಕ್ಕುಗಳಿಗೆ ಎಂಟು ಸಿಲಿಂಡರುಗಳ ವಿ-8 ಎಂಜಿನನ್ನು ಕೊಟ್ಟಿತು. ಇದೂ ಸೈಡ್ ವಾಲ್ವ್ ಎಂಜಿನೇ. ಚಪ್ಪಟೆ ಮುಚ್ಚಳದ ಕಾರಣ ‘ಫ್ಲಾಟ್‌ಹೆಡ್’ ಎಂದೇ ಹೆಸರಾಯಿತು. ಮೊದಲಿಗೆ 65 ಅಶ್ವಶಕ್ತಿ, ಎರಡನೆಯ ಮಹಾಯುದ್ಧದ ನಂತರ 100 ಅಶ್ವಶಕ್ತಿ.

ಆ ಎಂಜಿನಿಗೆ ಒಂದು ಹುಟ್ಟುದೋಷವಿತ್ತು. ವಾಲ್ವುಗಳು ‘ವಿ’ ಆಕಾರದ ನಡುಗಣಿವೆಯ ಕಡೆಗಿದ್ದವು, ಹೊಗೆ ಕೊಳವೆಗಳು ಹೊರಮಗ್ಗುಲಿನಲ್ಲಿ. ಹೀಗಾಗಿ ಉರಿಬಿಸಿಯ ಹೊಗೆ ಸಿಲಿಂಡರುಗಳ ನಡುವೆ, ತಂಪು ನೀರು ಹರಿಯುವ ಜಾಗವನ್ನು ಹಾದು ಬ್ಲಾಕಿನ ಇನ್ನೊಂದು ಬದಿಗೆ ಹೋಗಬೇಕಿತ್ತು. ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಹೊಗೆಯ ಜೊತೆ ಹೋಗುತ್ತದೆ. ಅದರ ಒಂದು ಪಾಲನ್ನು ದಾರಿಯಲ್ಲಿ ನೀರಿಗೆ ಕೊಟ್ಟುಹೋದರೆ ರೇಡಿಯೇಟರ್ ಏನು ಮಾಡೀತು? ಖಾಲಿ ಕಾರಿಗೆ ಇದು ದೊಡ್ಡ ತೊಂದರೆಯಲ್ಲ. ಹೊರೆ ಹೊತ್ತು ಏರು ಹತ್ತುವ ಟ್ರಕ್ಕಿನಲ್ಲಿ ಎಂಜಿನ್ ಬಹಳ ಹೊತ್ತು ಪೂರ್ಣ ಶಕ್ತಿಯಲ್ಲಿ ದುಡಿಯುತ್ತದೆ. ಆದರೆ ವೇಗ ಕಡಿಮೆ, ಎದುರುಗಾಳಿ ಕಡಿಮೆ. ನೀರು ಕುದಿಯುತ್ತಿತ್ತು.

ಬೆಲ್ಜಿಯಮ್ಮಿನಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಓದಿ, ಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ವಲಸೆ ಬಂದ ಜೋರಾ ಆರ್ಕಸ್-ಡಂಟೋವ್ (1909-1996) ತನ್ನ ತಮ್ಮ ಯೂರಾನೊಂದಿಗೆ ನ್ಯೂಯಾರ್ಕಿನಲ್ಲಿ ಒಂದು ಕಂಪನಿ ಆರಂಭಿಸಿದ್ದ. ಆರ್ಕಸ್ ಮತ್ತು ಡಂಟೋವ್ ಎಂಬ ಹೆಸರುಗಳ ಮೊದಲಕ್ಷರಗಳಿಂದ ‘ಆರ್ಡನ್’ ಎಂಬ ಹೆಸರಾಯಿತು. ಈ ಕಂಪನಿ 1947ರ ಸುಮಾರಿಗೆ ಫೋರ್ಡ್ ವಿ-8 ಟ್ರಕ್ಕುಗಳಿಗೆಂದೇ ಅಲ್ಯೂಮಿನಿಯಮ್ ಹೆಡ್ಡುಗಳನ್ನು ಹೊರತಂದಿತು. ಬ್ಲಾಕ್ ಹಳೆಯದು. ಕ್ಯಾಮ್‌ಶಾಫ್ಟ್ ಇದ್ದ ಜಾಗದಲ್ಲೇ ಇದ್ದು ಉದ್ದನೆಯ ಪುಷ್‌ರಾಡುಗಳ ಮೂಲಕ ಮೇಲಿನ ವಾಲ್ವುಗಳನ್ನು ತೆರೆಯುತ್ತಿತ್ತು. ದಹನ ಕೋಷ್ಠ ಅರ್ಧಗೋಳಾಕಾರ. ಒಂದು ಗಾತ್ರವನ್ನು ಆವರಿಸಲು ಅತಿ ಕಡಿಮೆ ಮೇಲ್ಮೈ ಬೇಕಾಗುವ ಆಕಾರ ಗೋಳ ಎಂಬುದು ನಿಮಗೆ ಗೊತ್ತು. ಮೇಲ್ಮೈ ಕಡಿಮೆಯಾದಷ್ಟೂ ಲೋಹಕ್ಕೆ ಹರಿದುಹೋಗುವ ಉಷ್ಣ ಕಡಿಮೆ. ಹೊಗೆ ಈಗ ಬ್ಲಾಕನ್ನು ಹಾಯಬೇಕಾಗಿರಲಿಲ್ಲ, ಹೆಡ್ಡಿನ ಹೊರಬದಿಯಿಂದಲೇ ಹೊರಬೀಳುತ್ತಿತ್ತು. ರೋಗದ ಮೂಲಕ್ಕೇ ಮದ್ದು! ಶಕ್ತಿಯೂ 100ರಿಂದ ಸುಮಾರು 160 ಅಶ್ವಶಕ್ತಿಗೆ ಏರಿತು.

ಆದರೂ ಟ್ರಕ್ ಮಾಲೀಕರು ಇದನ್ನು ಕೊಳ್ಳಲು ಮುಗಿಬೀಳಲಿಲ್ಲ. ಹೆಡ್ಡು ದುಬಾರಿ, ಭಾಗಗಳು ಹೆಚ್ಚು. ಕೊಂಡವರಲ್ಲಿ ಹೆಚ್ಚಿನವರು ಪಂದ್ಯದ ಕಾರುಗಳವರು. ಡಂಟೋವ್ 1953ರಲ್ಲಿ ಜನರಲ್ ಮೋಟಾರ್ಸ್ ಸೇರಿ ಕಾರ್ವೆಟ್ ಕಾರಿನ ಎಂಜಿನಿಯರ್ ಎಂದು ಪ್ರಸಿದ್ಧನಾದ. ಅದೇ ವರ್ಷ ಅಮೆರಿಕದಲ್ಲಿ ಫೋರ್ಡ್ ಕಾರುಗಳಲ್ಲಿ ಫ್ಲಾಟ್‌ಹೆಡ್ ವಿ-8ರ ಕಾಲ ಮುಗಿಯಿತು. ಆದರೆ ಆ ಬ್ಲಾಕಿನ ಒಂದು ವಂಶ ಫ್ರಾನ್ಸಿನ ಸಿಮ್ಕಾ ಕಂಪನಿಯ ಮೂಲಕ ಬ್ರೆಜಿಲ್ ಸೇರಿತ್ತು. ಅಲ್ಲಿ 1966ರಲ್ಲಿ ಅದಕ್ಕೆ ಮತ್ತೆ ಅರ್ಧಗೋಳಾಕಾರದ ಕೋಷ್ಠವಿರುವ ಹೆಡ್ ಬಂದಿತು. ಹೊಸ ಬ್ಲಾಕಿಗೆ ಬಂಡವಾಳ ಕಷ್ಟವಾದ ದೇಶದಲ್ಲಿ ಹಳೆಯ ಉಪಾಯವೇ ಕೈಹಿಡಿಯಿತು.

ಜೀಪಿನ ಬಾನೆಟ್ ಎತ್ತರವಾದದ್ದೇಕೆ?

ಮೂರನೆಯ ಉದಾಹರಣೆ ನಮಗೆ ಹೆಚ್ಚು ಪರಿಚಿತ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿದ್ದುದು 2.2 ಲೀಟರಿನ ನಾಲ್ಕು ಸಿಲಿಂಡರ್ ಸೈಡ್ ವಾಲ್ವ್ ಎಂಜಿನ್. ಅದು ಮೂಲತಃ 1920ರ ದಶಕದ ಸಣ್ಣ ಕಾರೊಂದರ ಎಂಜಿನಿನ ವಂಶದ್ದು. 1938ರಲ್ಲಿ ಕಂಪನಿಗೆ ಬಂದ ಎಂಜಿನಿಯರ್ ಬಾರ್ನಿ ರೂಸ್ ಅದನ್ನು ಭಾಗ ಭಾಗವಾಗಿ ತಿದ್ದಿ 60 ಅಶ್ವಶಕ್ತಿಗೆ ಏರಿಸಿದ್ದ. ಯುದ್ಧದ ನಂತರ ವಿಲ್ಲೀಸ್ ಟ್ರಕ್ಕುಗಳಿಗೂ ಇದೇ ಎಂಜಿನ್. ಹೊರೆ ಹೆಚ್ಚಿತು, ಶಕ್ತಿ ಸಾಲದಾಯಿತು.

1950ರಲ್ಲಿ ಟ್ರಕ್ಕು ಮತ್ತು ಸ್ಟೇಷನ್ ವ್ಯಾಗನ್‌ಗಳಲ್ಲಿ ಬಂದ ‘ಹರಿಕೇನ್’ ಎಂಜಿನ್ ಒಂದು ರಾಜಿಸೂತ್ರ. ಹೊಗೆ ವಾಲ್ವು ಬ್ಲಾಕಿನಲ್ಲೇ ಉಳಿಯಿತು. ಮಿಶ್ರಣ ಒಳಬರುವ ವಾಲ್ವು ಮಾತ್ರ ಹೆಡ್ಡಿಗೆ ಏರಿ, ಗಾತ್ರದಲ್ಲೂ ದೊಡ್ಡದಾಯಿತು. ಸಿಲಿಂಡರಿನ ವ್ಯಾಸ, ಪಿಸ್ಟನ್ನಿನ ಓಟ ಎರಡೂ ಹಿಂದಿನಷ್ಟೇ. ಪುಷ್‌ರಾಡುಗಳಿಗೆ ದಾರಿ ಬೇಕಾದ್ದರಿಂದ ಬ್ಲಾಕಿನ ಎರಕವನ್ನು ಅಷ್ಟರ ಮಟ್ಟಿಗೆ ತಿದ್ದಲಾಯಿತು. ಈ ಜೋಡಣೆ ವಿಲ್ಲೀಸ್‌ನದೇ ಕಲ್ಪನೆಯಲ್ಲ. ಇಂಗ್ಲೆಂಡಿನಲ್ಲಿ 1948ರ ಮೊದಲ ಲ್ಯಾಂಡ್ ರೋವರ್ ಎಂಜಿನಿನಲ್ಲೂ ಇಂಥದೇ ವ್ಯವಸ್ಥೆ ಇತ್ತು.

ಇದರಿಂದ ದೊರೆತ ಲಾಭವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಶಕ್ತಿ 60ರಿಂದ 72 ಅಶ್ವಶಕ್ತಿಗೆ ಏರಿತು, ಎಂದರೆ ಶೇಕಡ 20. ಸಂಪೀಡನ ಅನುಪಾತ 6.5ರಿಂದ 6.9ಕ್ಕೆ ಏರಿದ್ದರಿಂದ ಆದರ್ಶ ದಕ್ಷತೆ ಶೇಕಡ 52.7ರಿಂದ 53.8ಕ್ಕೆ ಹೋಗುತ್ತದೆ. ಇದರ ಪಾಲು ಶೇಕಡ 2 ಮಾತ್ರ. ಉಳಿದ ಲಾಭ ಎಲ್ಲಿಂದ? ಬಹುಮಟ್ಟಿಗೆ ಉಸಿರಾಟದಿಂದ. ಈ ಶಕ್ತಿಯನ್ನು ಅಳೆದದ್ದು ನಿಮಿಷಕ್ಕೆ 4000 ಸುತ್ತಿನಲ್ಲಿ. ಆ ವೇಗದಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿಯಲು ಇರುವ ಕಾಲ ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ಏಳೂವರೆ ಪಾಲು. ಅಷ್ಟರಲ್ಲಿ ಸಿಲಿಂಡರ್ ತುಂಬಬೇಕಾದರೆ ವಾಲ್ವು ದೊಡ್ಡದಿರಬೇಕು, ದಾರಿ ನೇರವಿರಬೇಕು. 2000 ಸುತ್ತಿನಲ್ಲಾದರೆ ಇದರ ಎರಡರಷ್ಟು ಕಾಲಾವಕಾಶವಿದೆ. ಆದ್ದರಿಂದಲೇ ಆ ವೇಗದಲ್ಲಿ ಎಂಜಿನಿನ ತಿರುಚುಬಲ ಏರಿದ್ದು ಶೇಕಡ 9 ಮಾತ್ರ. ಓಟದಲ್ಲಿ ಏದುಸಿರು ಬಿಡುವವನಿಗೆ ಮೂಗಿನ ಹೊಳ್ಳೆಯ ಅಗಲ ಮುಖ್ಯವಾಗುತ್ತದೆ, ನಿಧಾನವಾಗಿ ನಡೆಯುವವನಿಗೆ ಅಷ್ಟಲ್ಲ.

ಹೊಸ ಹೆಡ್ಡಿನಿಂದ ಎಂಜಿನ್ ಎತ್ತರವಾಯಿತು. ಟ್ರಕ್ಕಿನಲ್ಲಿ ಜಾಗವಿತ್ತು, ಸಣ್ಣ ಜೀಪಿನಲ್ಲಿ ಇರಲಿಲ್ಲ. 1953ರ ಸಿಜೆ-3ಬಿ ಮಾದರಿಯಲ್ಲಿ ಕಂಪನಿ ಬಾನೆಟ್ಟನ್ನೇ ಮೇಲೆತ್ತಿತು. 1947ರಲ್ಲಿ ಜೀಪುಗಳ ಜೋಡಣೆ ಆರಂಭಿಸಿದ್ದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಈ ಎತ್ತರದ ಬಾನೆಟ್ಟಿನ ಮಾದರಿಯನ್ನೇ ದಶಕಗಳ ಕಾಲ ತಯಾರಿಸಿತು. ಅಮೆರಿಕದಲ್ಲಿ 1968ರಲ್ಲಿ ನಿಂತ ಮಾದರಿ ಇಲ್ಲಿ ಮುಂದುವರಿಯಿತು. ಮಲೆನಾಡು ಮತ್ತು ಕೊಡಗಿನ ತೋಟದ ದಾರಿಗಳಲ್ಲಿ ಕಾಣುತ್ತಿದ್ದ ಆ ಚೌಕ ಮೂತಿಗೆ ಕಾರಣ ಒಳಗಿದ್ದ ಹೆಡ್ಡು. ಮುಂದೆ ಡೀಸೆಲ್ ಎಂಜಿನ್ ಬಂದ ಮೇಲೂ ಆ ಎತ್ತರದ ಬಾನೆಟ್ಟು ಉಪಯೋಗಕ್ಕೆ ಬಂದಿತು.

ಮೈಗೆ ತಾಳಿಕೆ ಇದೆಯೇ?

ಹೊಸ ತಲೆ ಕೊಟ್ಟ ಶಕ್ತಿಯನ್ನು ಹಳೆಯ ಮೈ ಹೊರಬಲ್ಲದೇ ಎಂಬುದು ಈ ಎಲ್ಲ ಪ್ರಯತ್ನಗಳ ಹಿಂದಿನ ಪ್ರಶ್ನೆ. ಜೀಪಿನ ಸಿಲಿಂಡರಿನ ವ್ಯಾಸ 79 ಮಿಲಿಮೀಟರ್, ಎಂದರೆ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. ಒಳಗಿನ ಗರಿಷ್ಠ ಒತ್ತಡ ವಾಯುಮಂಡಲದ 30 ಪಟ್ಟು ಎಂದುಕೊಂಡರೆ ಪಿಸ್ಟನ್ ಮೇಲೆ ಬೀಳುವ ಬಲ ಒಂದೂವರೆ ಟನ್ ತೂಕದಷ್ಟು. 40 ಪಟ್ಟಾದರೆ ಎರಡು ಟನ್. ಅಷ್ಟೇ ಬಲ ಹೆಡ್ಡನ್ನು ಮೇಲಕ್ಕೂ ತಳ್ಳುತ್ತದೆ. ಬೋಲ್ಟು, ಗ್ಯಾಸ್ಕೆಟ್, ಕ್ರ್ಯಾಂಕ್‌ಶಾಫ್ಟ್, ಬೇರಿಂಗ್ ಎಲ್ಲವೂ ಇದನ್ನು ತಾಳಬೇಕು.

ಷೆವ್ರೊಲೆ ಟ್ರಕ್ಕುಗಳ ಆರು ಸಿಲಿಂಡರ್ ಎಂಜಿನಿನ ಚರಿತ್ರೆ ಇದಕ್ಕೆ ನಿದರ್ಶನ. 1929ರಿಂದಲೇ ಅವುಗಳಿಗೆ ಓವರ್‌ಹೆಡ್ ವಾಲ್ವಿನ ಹೆಡ್ ಇತ್ತು. ಆದರೆ 1937ರಿಂದ 1953ರವರೆಗಿನ 216 ಘನ ಅಂಗುಲದ ಎಂಜಿನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಕರಗಿಸಿ ಹೊಯ್ದ ಬ್ಯಾಬಿಟ್ ಎಂಬ ಮೆದು ಮಿಶ್ರಲೋಹದವು. ಅವುಗಳಿಗೆ ಎಣ್ಣೆ ಪಂಪಿನ ಪೂರ್ಣ ಒತ್ತಡ ಸಿಗುತ್ತಿರಲಿಲ್ಲ, ಸೌಟಿನಂಥ ಚಾಚುಗಳು ಎಣ್ಣೆಯನ್ನು ಮೊಗೆದುಕೊಳ್ಳುತ್ತಿದ್ದವು. 1954ರ ವೇಳೆಗೆ 235 ಘನ ಅಂಗುಲದ ಎಂಜಿನಿನಲ್ಲಿ ಬದಲಾಯಿಸಬಹುದಾದ ಬೇರಿಂಗು ಚಿಪ್ಪುಗಳೂ ಒತ್ತಡದ ಎಣ್ಣೆಯೂ ಟ್ರಕ್ಕುಗಳಿಗೆ ಬಂದವು. ಮೇಲಿನ ತಲೆ ಚೆನ್ನಾಗಿದ್ದರೆ ಸಾಲದು, ಕೆಳಗಿನ ಕೀಲುಗಳೂ ಗಟ್ಟಿಯಾಗಬೇಕು.

ಹೆಡ್ಡನ್ನು ಬದಲಾಯಿಸದೆ ಕೇವಲ ‘ಫೇಸಿಂಗ್’ ಮಾಡಿಸಿದರೂ ಸಂಪೀಡನ ಬದಲಾಗುತ್ತದೆ. ಜೀಪಿನ ಒಂದು ಸಿಲಿಂಡರಿನ ಗಾತ್ರ 550 ಘನ ಸೆಂಟಿಮೀಟರ್, ಅನುಪಾತ 6.5 ಇದ್ದರೆ ಮೇಲೆ ಉಳಿಯುವ ಜಾಗ 100 ಘನ ಸೆಂಟಿಮೀಟರ್. ಕೋಷ್ಠದ ಹರವು 80 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡು ಒಂದು ಮಿಲಿಮೀಟರ್ ತೆಗೆದರೆ ಉಳಿಯುವುದು 92 ಘನ ಸೆಂಟಿಮೀಟರ್, ಅನುಪಾತ ಸುಮಾರು 7 ಆಗುತ್ತದೆ. ಮೇಲೆ ಲೆಕ್ಕ ಹಾಕಿದ ಹರಿಕೇನ್ ಎಂಜಿನಿಗೂ ಮೀರಿದ ಏರಿಕೆ ಇದು! ಆಮೇಲೆ ಬಡಿತ ಕೇಳಿಸಿದರೆ ಪೆಟ್ರೋಲನ್ನು ದೂರಿ ಪ್ರಯೋಜನವಿಲ್ಲ.

ಸೀಸ ಹೋದ ಮೇಲೆ

ಸೀಸದ ಕಥೆಗೆ ಮರಳೋಣ. ಭಾರತದಲ್ಲಿ ಸೀಸಸಹಿತ ಪೆಟ್ರೋಲಿನ ಮಾರಾಟ 2000ದಲ್ಲಿ ನಿಂತಿತು. ರಸ್ತೆ ವಾಹನಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ 2021ರಲ್ಲಿ ನಿಲ್ಲಿಸಿತು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಅಷ್ಟರಲ್ಲಿ ನಿಸ್ಸಂದೇಹವಾಗಿ ಸಾಬೀತಾಗಿತ್ತು.

ಹಳೆಯ ಎಂಜಿನುಗಳಿಗೆ ಇದರಿಂದ ಒಂದು ಹೊಸ ತೊಡಕು ಬಂದಿತು. ಸೀಸದ ಸಂಯುಕ್ತಗಳ ತೆಳು ಲೇಪ ಹೊಗೆ ವಾಲ್ವಿನ ಆಸನವನ್ನು ಸವೆತದಿಂದ ಕಾಪಾಡುತ್ತಿತ್ತು. ಅದು ಇಲ್ಲದಿದ್ದರೆ, ಕಾದ ವಾಲ್ವು ಮೆದು ಎರಕದ ಆಸನಕ್ಕೆ ಸೂಕ್ಷ್ಮವಾಗಿ ಬೆಸೆದು, ಬಿಡುವಾಗ ಕಣಗಳನ್ನು ಕಿತ್ತುಕೊಂಡು ಬರುತ್ತದೆ. ಕ್ರಮೇಣ ವಾಲ್ವು ಒಳಕ್ಕೆ ಇಳಿಯುತ್ತದೆ. ಪರಿಹಾರ, ಗಟ್ಟಿ ಉಕ್ಕಿನ ಉಂಗುರವನ್ನು ಆಸನವಾಗಿ ಕೂರಿಸುವುದು. ವಾಲ್ವು ಹೆಡ್ಡಿನಲ್ಲಿದ್ದರೆ ಹೆಡ್ಡನ್ನು ಮಾತ್ರ ಲೇತ್ ಶಾಪಿಗೆ ಒಯ್ದರೆ ಆಯಿತು. ಆಸನ ಬ್ಲಾಕಿನ ಎರಕದಲ್ಲೇ ಇರುವ ಎಂಜಿನಾದರೆ ಇಡೀ ಎಂಜಿನನ್ನು ಇಳಿಸಬೇಕು.

1920ರ ದಶಕದಲ್ಲಿ ಬಿಟ್ಟ ಪ್ರಶ್ನೆಗೆ ಕೊನೆಗೂ ಉತ್ತರ ಬಂದದ್ದು ಎಂಜಿನಿಯರುಗಳು ಹೆಡ್ಡಿಗೆ ಮರಳಿದಾಗಲೇ. ಇಂದಿನ ಎಂಜಿನುಗಳಲ್ಲಿ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವು, ಒತ್ತಾದ ದಹನ ಕೋಷ್ಠ, ಬಡಿತವನ್ನು ಆಲಿಸಿ ಕಿಡಿಯನ್ನು ತಡಮಾಡುವ ಸಂವೇದಕ ಇವೆಲ್ಲ ಇವೆ. ಸೀಸವಿಲ್ಲದ ಪೆಟ್ರೋಲಿನಲ್ಲೇ 10ಕ್ಕೂ ಮೀರಿದ ಸಂಪೀಡನ ಅನುಪಾತ ಸಾಮಾನ್ಯವಾಗಿದೆ. ಸುಧಾರಿಸಿದ ತೈಲ ಶುದ್ಧೀಕರಣವೂ ಇದಕ್ಕೆ ನೆರವಾಗಿದೆ. ಆದರೆ ಪೆಟ್ರೋಲ್ ಮಾತ್ರ ಬದಲಾಗಿ ಹೆಡ್ಡು ಬದಲಾಗದಿದ್ದರೆ ಈ ಮಟ್ಟ ತಲಪುವುದು ಆಗುತ್ತಿರಲಿಲ್ಲ.

ಹಳೆಯ ವಾಹನವನ್ನು ಉಳಿಸಿಕೊಂಡು ಸುಧಾರಿಸಬೇಕೆನ್ನುವವರು ಈಗಲೂ ಇದ್ದಾರೆ. ಗಟ್ಟಿಯಾದ ಬ್ಲಾಕೊಂದನ್ನು ಗುಜರಿಗೆ ಹಾಕದೆ ಬಳಸುವುದು ಕಬ್ಬಿಣವನ್ನೂ ಅದನ್ನು ಕರಗಿಸುವ ಇಂಧನವನ್ನೂ ಉಳಿಸುವ ಕೆಲಸವೇ ಸರಿ. ಅಂಥವರು ಹೊಸ ಹೆಡ್ ಕೊಳ್ಳುವುದಕ್ಕೆ ಮೊದಲು ನಾಲ್ಕು ವಿಷಯ ಪರೀಕ್ಷಿಸಬೇಕು: ಬೋಲ್ಟು, ನೀರು ಮತ್ತು ಎಣ್ಣೆಯ ರಂಧ್ರಗಳು ಒಂದಕ್ಕೊಂದು ಹೊಂದುತ್ತವೆಯೇ, ಸಂಪೀಡನ ಅನುಪಾತ ಎಷ್ಟಾಗುತ್ತದೆ, ಕೆಳಗಿನ ಬೇರಿಂಗುಗಳಿಗೆ ಒತ್ತಡದ ಎಣ್ಣೆ ಇದೆಯೇ, ರೇಡಿಯೇಟರ್ ಸಾಕಾಗುತ್ತದೆಯೇ. ಈ ನಾಲ್ಕರಲ್ಲಿ ಒಂದಕ್ಕೆ ಉತ್ತರ ‘ಇಲ್ಲ’ ಎಂದಾದರೂ ಹಳೆಯ ಹೆಡ್ಡಿಗೇ ಹೊಸ ವಾಲ್ವು ಮತ್ತು ಆಸನ ಹಾಕಿಸಿ ಓಡಿಸುವುದು ಮೇಲು.